ಮಾಯಕ್ಕನ ಅಣ್ಣನಿಗೆ ಬಂದ ಜ್ವರ

ಈಗಷ್ಟೇ ಬೆಳಕು ಹರಿದಿದೆ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ಆಯಾ ಮಾಯಕ್ಕ ರೋಗಿಯೊಬ್ಬರ ಎದೆಯ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ. “ಉಸಿರು ತಗೋರಿ. ಹಿಡೀರಿ. ಅಲ್ಲಾಡಬ್ಯಾಡ್ರಿ. ಹಾಂ, ಈಗ ಬಿಡ್ರಿ.” ಮರಾಠಿಯವರಾದರೆ ಅದೇ ಪಾಠ ಮರಾಠಿಯಲ್ಲಿ. ಸ್ಕ್ಯಾನ್ ನೋಡುತ್ತ ಶ್ವಾಸಕೋಶದ ಗಡ್ಡೆಗೆ ಸೂಜಿ ಇಳಿಸಿ, ಅದನ್ನು ಒಳಗೇ ಕಾಯಿಸಿ ಸುಡುವ ಚಿಕಿತ್ಸೆಗೆ ಇದು ತಯಾರಿ. ಸೂಜಿ ಹೋಗುವಾಗ ರೋಗಿ ಮಿಸುಕಿದರೆ ಕಷ್ಟ. ಮಾಯಕ್ಕ ಕಲಿಸಿದ್ದಾರೆಂದರೆ ಡಾಕ್ಟರಿಗೂ ಧೈರ್ಯ.

ಇವತ್ತು ಮಾತ್ರ ಅವರ ಕಣ್ಣು ಮತ್ತೆ ಮತ್ತೆ ಕಿಟಕಿಯ ಕಡೆ ಹೋಗುತ್ತಿದೆ. ಕಿಟಕಿ ಪಕ್ಕದ ಮಂಚದಲ್ಲಿ ಜ್ವರದಿಂದ ಮಲಗಿರುವುದು ಅವರ ಒಡಹುಟ್ಟಿದ ಅಣ್ಣ, ಕುರಿ ಕಾಯುವ ಬೀರಣ್ಣ.

ಮಾಯಕ್ಕ ಖಾನಾಪುರದವರು. ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದರು. ಮೊದಲ ಬಸ್ಸಿಗೆ ಬಂದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಬೆಡ್‌ಪ್ಯಾನ್, ಮಲಿನ ಬಟ್ಟೆ, ಗಾಲಿಕುರ್ಚಿ ಎಲ್ಲ ಅವರದೇ ಪಾಲು. ಜೊತೆಗೆ ಅಂಜಿದವರಿಗೆ ಸಮಾಧಾನ ಹೇಳಬೇಕು. “ಕುರಿ ಕುಂಟಿದ್ರ ಬರಿ ಹಾಕೂದಿಲ್ಲೇನ್ರಿ? ಹಂಗ ಒಳಗಿನ ಗಡ್ಡಿಗೆ ಬರಿ ಹಾಕ್ತಾರ” ಎನ್ನುತ್ತಿದ್ದರು. ಕಾಯಿಲೆಗೆ ಕಾದ ಕಬ್ಬಿಣ ಮುಟ್ಟಿಸಿ ಬರೆ ಹಾಕುವುದು ಈ ಕಡೆಯ ಹಳೆಯ ರೂಢಿ, ಮಾತು ಥಟ್ಟನೆ ತಿಳಿಯುತ್ತಿತ್ತು.

ಬೀರಣ್ಣನಿಗೆ ಎರಡು ಗಡ್ಡೆ. ಒಂದನ್ನು ಸುಟ್ಟರು. ಇನ್ನೊಂದು ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿದೆ, ಅಲ್ಲಿಗೆ ಸೂಜಿ ಬೇಡವೆಂದರು. “ಸುಟ್ಟ ಗಡ್ಡಿ ಚೂರಿನಿಂದ ಮೈಯಾಗಿನ ರೋಗನಿರೋಧಕ ಶಕ್ತಿ ಎಚ್ಚರಾಗಬಹುದು,” ಎನ್ನುತ್ತಾರೆ ಡಾ. ಪ್ರಮಿಳಾ. “ಒಮ್ಮೊಮ್ಮೆ ಉಳಿದ ಗಡ್ಡಿ ಮ್ಯಾಲೂ ಏರಿ ಹೋಗತೈತಿ. ಆದ್ರ ಭಾಳ ಅಪರೂಪ, ನಂಬಿ ಕುಂದ್ರಾಕ ಬರೂದಿಲ್ಲ. ಅದಕ್ಕ ಔಷಧ ಬ್ಯಾರೆ ಕೊಡ್ತೀವಿ.”

ಊರಿಗೆ ಹೋದ ಬೀರಣ್ಣ ಆ ಔಷಧಕ್ಕೆ ಕಾಯಲಿಲ್ಲ. ಸಂಬಂಧಿ ಬಾಳಪ್ಪನಿಂದ ಕುಡುಗೋಲು ಕಾಯಿಸಿ ಬೆನ್ನಿಗೆ ಬರೆ ಹಾಕಿಸಿಕೊಂಡರು. ಗಾಯ ಕೀವಾಯಿತು, ಜ್ವರ ಏರಿತು. “ಆಸ್ಪತ್ರ್ಯಾಗ ಒಂದಕ್ಕ ಹಾಕಿದ್ರು, ಉಳಿದದ್ದಕ್ಕ ನಾವು ಹಾಕಿದ್ವಿ. ಬರಿ ಹಾಕ್ತಾರ ಅಂತ ನೀನ ಹೇಳಿದ್ದೆಲ್ಲವಾ ತಂಗಿ,” ಎನ್ನುತ್ತಾರೆ, ಒಂದಿಷ್ಟೂ ಸಿಟ್ಟಿಲ್ಲದೆ. ಸುದ್ದಿಗೆಂದು ಬಂದು ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ.

ಗಡ್ಡೆ ಸುಟ್ಟ ಮೇಲೆ ಕೆಲವು ದಿನ ಜ್ವರ ಬರುವುದುಂಟು, ಮೈ ತಾನೇ ರೋಗದ ವಿರುದ್ಧ ಎದ್ದು ನಿಂತದ್ದಕ್ಕೆ. ಕೀವಿನ ನಂಜು ರಕ್ತಕ್ಕೆ ಇಳಿದರೂ ಜ್ವರವೇ. ಹಣೆ ಮುಟ್ಟಿದರೆ ಎರಡೂ ಒಂದೇ. ಅಣ್ಣನ ರಕ್ತವನ್ನು ಮಾಯಕ್ಕನೇ ಲ್ಯಾಬಿಗೆ ಕೊಟ್ಟು ಬಂದರು. ವರದಿ ಇನ್ನೂ ಬಂದಿಲ್ಲ.

ಹೊಸ ರೋಗಿಯ ಹೆಂಡತಿ ಬಂದು, “ಬರಿ ಹಾಕ್ತಾರಂತಲ್ರಿ ಒಳಗ?” ಎಂದು ಕೇಳುತ್ತಾರೆ.

“ಬರಿ ಅಲ್ರಿ ಅದು. ಖರೇ ಹೇಳ್ತೀನಿ, ಮನ್ಯಾಗ ಬೆಂಕಿ ಮುಟ್ಟಿಸಬ್ಯಾಡ್ರಿ.” ಮಾಯಕ್ಕನ ದನಿ ಜೋರಾಗುತ್ತದೆ, ವಾರ್ಡೆಲ್ಲ ತಿರುಗಿ ನೋಡುತ್ತದೆ.

ನಿಮಗೇನು ಬೇಕು ಮಾಯಕ್ಕ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡರು.

“ಜ್ವರ ಇಳೀಲಿ ಅಂತ ಬೇಡಾಕೂ ಅಂಜಿಕಿ ಬರತೈತ್ರಿ. ಈ ಜ್ವರ ಅವನ ಮೈ ಒಳಗಿಂದ ಎದ್ದು ಬಂದದ್ದಾಗಿರ್ಲಿ. ನನ್ನ ಮಾತಿನಿಂದ ಬಂದದ್ದಾಗಿರಬಾರ್ದು.”