ಅಮ್ಮ ಕಾಯುತ್ತಿದ್ದ ಪದ್ಯದ ಬಸ್ಸು

ನಿನ್ನೆ ಕಾರ್ಕಳದಿಂದ ಉಡುಪಿಗೆ ಬರುವಾಗ ಬಸ್ಸಿನಲ್ಲಿ ಆ ಹಳೆಯ ಡಿಸ್ಕೋ ಹಾಡು ಬಂತು. ಸಭ್ಯರು ಕಿವಿ ಮುಚ್ಚಿಕೊಳ್ಳಬೇಕಾದ ಹಾಡು. ಇಡೀ ಚರಣಕ್ಕೆ ಒಂದೇ ಮಾತು, ಅದೂ ‘ಡಾರ್ಲಿಂಗ್’.

ನನ್ನ ಅಮ್ಮ ಊರಿನ ಭಜನಾ ಮಂಡಳಿಯ ಮುಖ್ಯ ಗಾಯಕಿ. ಅಂಥ ಹಾಡುಗಳಿಗೆ ನಮ್ಮ ಮನೆಯಲ್ಲಿ ಪ್ರವೇಶವಿರಲಿಲ್ಲ. ಆದರೆ ಚಿಕ್ಕವನಿದ್ದ ನನ್ನನ್ನು ಕರೆದುಕೊಂಡು ಪೇಟೆಗೆ ಹೊರಟರೆ ಅವಳು ಖಾಲಿ ಎಕ್ಸ್‌ಪ್ರೆಸ್ಸುಗಳನ್ನೆಲ್ಲ ಬಿಟ್ಟು, ಈ ಹಾಡಿನ ಕ್ಯಾಸೆಟ್ ಹಾಕುವ ‘ಪದ್ಯದ ಬಸ್ಸಿಗೇ’ ಕಾಯುತ್ತಿದ್ದಳು.

“ಅದರಲ್ಲಿ ಸೀಟು ಉಂಟಲ್ಲ ಅಮ್ಮ?”

“ಅದು ಭಾರೀ ಜೋರು ಹೋಗ್ತದೆ ಮಾರಾಯ, ತಲೆ ತಿರುಗ್ತದೆ.”

ಹತ್ತಿ ಕೂತ ಮೇಲೆ ಸೆರಗಿನ ಮರೆಯಲ್ಲಿ ಬೆರಳುಗಳು ತಾಳ ಹಾಕುತ್ತಿದ್ದವು. “ಅಪ್ಪನಿಗೆ ಹೇಳಬೇಡ, ಆಯ್ತಾ?”

ಹೇಳಲಿಲ್ಲ. ಹೋದ ತಿಂಗಳು ಅವಳು ತೀರಿಕೊಂಡಾಗ ಮಂಡಳಿಯವರು ಬಂದು ಹಾಡಿದರು. “ಭಜನೆ ಬಿಟ್ಟರೆ ಅವರಿಗೆ ಬೇರೆ ಪದ್ಯವೇ ಬೇಡ, ಅಲ್ವಾ?” ಎಂದು ನನ್ನನ್ನು ಕೇಳಿದರು. ನಾನು ಗಂಭೀರವಾಗಿ ಹೌದೆಂದು ತಲೆಯಾಡಿಸಿದೆ. ಅಪ್ಪ ಪಕ್ಕದಲ್ಲೇ ಇದ್ದರು.

ನಿನ್ನೆ ಕಂಡಕ್ಟರ್ ಹಾಡು ಬದಲಿಸಲು ಹೊರಟ.

“ಮುಗಿಯಲಿ ಮಾರಾಯ್ರೆ, ನಮ್ಮ ಅಮ್ಮನಿಗೆ ಇಷ್ಟ,” ಎಂದೆ.

ಅವನು ಮುಂದಿನ ಹೆಂಗಸರ ಸೀಟುಗಳತ್ತ ಕತ್ತು ಉದ್ದ ಮಾಡಿ ನೋಡಿದ.

“ಹೌದಾ? ಅಮ್ಮ ಎಲ್ಲಿ ಇಳಿಯುವುದು?”