ಮ್ಯಾನೇಜರುಗಳಿಗೆ ಮಾತ್ರ

ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಎತ್ತಿ, ಕನ್ನಡಿ ನೋಡದೆ, ಮೂರೇ ಸುತ್ತಿನಲ್ಲಿ ಅವರು ತುರುಬು ಕಟ್ಟುತ್ತಿದ್ದರು. ಐವತ್ತೇಳರ ಹೆಂಗಸಿಗೆ ಅಷ್ಟು ದಪ್ಪ ಕೂದಲು. ಕೊನೆಗೆ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿ ಕೆಲಸಕ್ಕೆ ಕೂರುವರು. ಎದುರಿನ ಮೇಜಿನಿಂದ ನಾನು ಆ ಕೈಗಳನ್ನೇ ನೋಡುತ್ತಿದ್ದೆ. ನನ್ನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳಲಾಗದೆ ಆ ವರ್ಷ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದೆ.

ಇಂಗ್ಲೆಂಡಿನ ಲೀಡ್ಸ್ ಊರಾಚೆ, ಅಡುಗೆಮನೆಯ ಕಪಾಟುಗಳನ್ನು ತಯಾರಿಸುವ ಕಂಪನಿ ನಮ್ಮದು. ನಾನು ಸಂಬಳದ ವಿಭಾಗ, ಅವರು ಎಚ್‌ಆರ್‌ನಲ್ಲಿ ಮ್ಯಾನೇಜರು. ಇಬ್ಬರಿಗೂ ಒಂದೇ ಕೋಣೆ. ನಾನು ಮೈಸೂರಿನಿಂದ ಓದಲು ಬಂದು ಇಲ್ಲೇ ಉಳಿದವಳು. ಅವರು ಧಾರವಾಡದವರು, ಬಂದು ಮೂವತ್ತು ವರ್ಷ ಆಗಿತ್ತು. ಯುಗಾದಿ ಕೂಟಗಳಲ್ಲಿ ಎಲ್ಲರಂತೆ ಬೆಂಗಳೂರಿನ ಕನ್ನಡ ಆಡುತ್ತಿದ್ದ ಅವರು ನನ್ನೊಡನೆ ಮಾತ್ರ ತಮ್ಮ ಊರಿನ ಮಾತಾಡುವರು. ನಾನು ಅಕ್ಕ ಎನ್ನುತ್ತಿದ್ದೆ. ಆಫೀಸಿನ ಫ್ರಿಜ್ಜಿನಲ್ಲಿ ಅವರದೊಂದು ಶೇಂಗಾ ಚಟ್ನಿಪುಡಿಯ ಬಾಟಲಿ ಸದಾ ಇರುತ್ತಿತ್ತು. ಗೋದಾಮಿನ ಇಂಗ್ಲಿಷ್ ಹುಡುಗರು ಅದನ್ನು ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ಯಾರಾದರೂ ಕೆಲಸದ ಪತ್ರ ಹಿಡಿದು ಗಾಬರಿಯಾಗಿ ಬಂದರೆ ಅವರನ್ನು ಕೂರಿಸಿ, ಅವರ ಕೈಯಲ್ಲೇ ಆ ಪತ್ರವನ್ನು ಜೋರಾಗಿ ಓದಿಸುವರು. ನನಗೂ ಹೇಳಿದ್ದರು, "ಕಾಗದದಾಗ ಏನೈತಿ ಅದನ್ನ ಮೊದ್ಲ ಓದು. ಅಳೂದು ಆಮ್ಯಾಲೆ."

ನನ್ನ ಭುಜದ ಸ್ನಾಯು ಹರಿದಿತ್ತು. ನಮ್ಮ ಬಡಾವಣೆಯ ಸರ್ಕಾರಿ ಡಾಕ್ಟರು ಮೊದಲು ಫಿಸಿಯೋಥೆರಪಿಗೆ ಕಾಯುವವರ ಸಾಲಿಗೆ ಹಾಕಿದರು, ಆಮೇಲೆ ಸ್ಕ್ಯಾನಿನ ಸಾಲು, ಅದಾದ ಮೇಲೆ ಸರ್ಜನ್ನರ ಸಾಲು. ನನ್ನ ಗಂಡ ಶೆಫೀಲ್ಡಿನ ಸರ್ಕಾರಿ ಆಸ್ಪತ್ರೆಯಲ್ಲೇ ಡಾಕ್ಟರು. "ನಮ್ಮಲ್ಲಿ ಇನ್ನೂ ಉದ್ದ ಇದೆ ಕಣೆ, ಅಲ್ಲೇ ಇರು," ಎಂದ. ಅಕ್ಕನಿಗೂ ಹಿಂದೆ ಇದೇ ತೊಂದರೆ ಆಗಿತ್ತಂತೆ. ವ್ಯಾಯಾಮ ಮಾಡಿ ವಾಸಿ ಮಾಡಿಕೊಂಡರು ಎಂದು ನಾನು ನಂಬಿದ್ದೆ. ದಿನಾ ಬಾಗಿಲಿನ ಚೌಕಟ್ಟು ಹಿಡಿದು ಕೈ ಚಾಚುವುದನ್ನು ಹೇಳಿಕೊಟ್ಟವರು ಅವರೇ.

ಆ ಚಳಿಗಾಲದಲ್ಲಿ ನಮ್ಮ ವಿಭಾಗಕ್ಕೆ ಹೊಸ ಕೆಲಸ ಬಂತು. ಕಂಪನಿ ನೌಕರರಿಗೆ ಕೊಡುವ ಸೌಲಭ್ಯಗಳ ತೆರಿಗೆಯನ್ನು ವರ್ಷದ ಕೊನೆಗಲ್ಲ, ತಿಂಗಳು ತಿಂಗಳೂ ಸಂಬಳದಲ್ಲೇ ಹಿಡಿಯಬೇಕೆಂಬ ಸರ್ಕಾರದ ನಿಯಮ ಬರುವುದಿತ್ತು. ಯಾರಿಗೆ ಏನು ಸೌಲಭ್ಯ ಇದೆ ಎಂಬ ಪಟ್ಟಿ ಮೊದಲ ಬಾರಿಗೆ ನನ್ನ ಕಂಪ್ಯೂಟರಿಗೆ ಬಂತು. 'ಖಾಸಗಿ ಆರೋಗ್ಯ ವಿಮೆ: ಮ್ಯಾನೇಜರುಗಳಿಗೆ ಮಾತ್ರ.' ಅದರಲ್ಲಿ ಅಕ್ಕನ ಹೆಸರು, ಪಕ್ಕದಲ್ಲಿ ಅವರ ಗಂಡನ ಹೆಸರು.

ತಲೆ ಎತ್ತಿದೆ. ಅಕ್ಕ ತುರುಬು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು.

"ಅಕ್ಕಾ, ನಿಮ್ಮ ಭುಜಕ್ಕೆ ಆಪರೇಷನ್ ಆಗಿತ್ತಾ?"

"ಹೂಂ, ಆಗಿತ್ತು. ಇನ್ಶೂರೆನ್ಸಿನಾಗ. ಎರಡು ವಾರದಾಗ ಮುಗದ್ ಹೋತು."

"ನೀವು ಹೇಳಲೇ ಇಲ್ಲ."

"ಹೇಳಿ ಏನ್ ಮಾಡ್ಲೆವಾ? ನಿನಗ ಕೊಡ್ಸಾಕ ಬರೂದಿಲ್ಲ. ಸುಮ್ಮ ಹೊಟ್ಟಿ ಉರಸಿದಂಗ ಆಗ್ತಿತ್ತು."

ಹೊಟ್ಟೆ ಉರಿದೇ ಉರಿಯಿತು. ಬಸ್ಸಿನಲ್ಲಿ ಕಂಬ ಹಿಡಿಯಲಾಗದೆ ಎಡಗೈಯಲ್ಲಿ ತೂಗಾಡುವಾಗ ಅವರ ಎರಡು ವಾರ ನೆನಪಾಗುತ್ತಿತ್ತು. ಅವರು ಕಪಾಟಿನ ಮೇಲಿನ ಫೈಲು ತೆಗೆದರೆ, ಕೋಟು ತೊಟ್ಟರೆ, ಕಿಟಕಿಯ ಪರದೆ ಎಳೆದರೆ ನನಗೆ ಸಹಿಸಲಾಗುತ್ತಿರಲಿಲ್ಲ. ಅವರ ಚಟ್ನಿಪುಡಿ ಮುಟ್ಟುವುದನ್ನೂ ಬಿಟ್ಟೆ. ಕೇಳಿದಾಗ, "ಖಾರ ಒಗ್ಗುತ್ತಿಲ್ಲ," ಎಂದೆ. ನನಗೆ ವಾಸಿಯಾಗಬೇಕು ಎಂಬ ಆಸೆಗಿಂತ, ಅವರಿಗೆ ಸಿಕ್ಕಿದ್ದು ಕೈತಪ್ಪಬೇಕು ಎಂಬ ಆಸೆಯೇ ಆ ದಿನಗಳಲ್ಲಿ ದೊಡ್ಡದಾಗಿತ್ತು. ಇದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ವರ್ಷಕ್ಕೊಮ್ಮೆ ಎಲ್ಲ ನೌಕರರ ಸಭೆ ನಡೆಯುತ್ತಿತ್ತು. ಪ್ರಶ್ನೆಗಳನ್ನು ಹೆಸರಿಲ್ಲದೆ ಕಳಿಸಬಹುದಿತ್ತು. ನಾನು ಇಂಗ್ಲಿಷಿನಲ್ಲಿ ಎರಡು ಸಾಲು ಟೈಪು ಮಾಡಿ ಕಳಿಸಿದೆ: ಆರೋಗ್ಯ ವಿಮೆ ಮ್ಯಾನೇಜರುಗಳಿಗೆ ಮಾತ್ರ ಏಕೆ, ಮರ ಕೊಯ್ಯುವವರ ಬೆನ್ನು ಬೆನ್ನಲ್ಲವೇ, ದಯವಿಟ್ಟು ವಿವರಿಸಿ. ಮರ ಕೊಯ್ಯುವವರ ಬೆನ್ನಿನ ಬಗ್ಗೆ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಡೈರೆಕ್ಟರು ಅದನ್ನು ಓದಿದಾಗ ಗೋದಾಮಿನವರು ಮೇಜು ಕುಟ್ಟಿ ಕೂಗಿದರು. ಹೊಸ ವ್ಯವಸ್ಥೆಯೊಂದನ್ನು ಯೋಚಿಸಿ ತರುವಂತೆ ಡೈರೆಕ್ಟರು ಅಲ್ಲೇ ಅಕ್ಕನಿಗೆ ಹೇಳಿದರು. ಅಕ್ಕನ ಮುಖ ಬಾಡುತ್ತದೆಯೇ ಎಂದು ಕುತ್ತಿಗೆ ಚಾಚಿ ನೋಡಿದೆ. ಅವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು.

ಮುಂದೆ ವಾರಗಟ್ಟಲೆ ಅವರು ವಿಮಾ ಕಂಪನಿಯವರೊಡನೆ ಫೋನಿನಲ್ಲೇ ಇದ್ದರು. ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ, ಆದರೆ ಈಗಾಗಲೇ ಇರುವ ಕಾಯಿಲೆಗಳಿಗೆ ಕೊಡುವುದಿಲ್ಲ ಎಂಬುದು ಅವರ ಷರತ್ತು. ಹಾಗಾದರೆ ನನ್ನ ಭುಜ ಹೊರಗೇ. ಅಕ್ಕ ಫೋನಿಟ್ಟು, ಯಾರಿಗೆಂದಿಲ್ಲದೆ ಕನ್ನಡದಲ್ಲಿ ರೇಗಿದರು. "ಇದ್ದ ಬ್ಯಾನಿ ಬಿಟ್ಟು ಕೊಡ್ತಾರಂತ. ಹಂಗಾದ್ರ ಯಾರಿಗೆ ಕೊಟ್ಟಂಗಾತು?" ಮರುದಿನ ಮತ್ತೆ ಫೋನು ಹಚ್ಚಿದರು. ಕೊನೆಗೆ ಗೆದ್ದರು. ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳೂ ಸೇರಿದವು. ಅದಕ್ಕೆ ಏನು ಬಿಟ್ಟುಕೊಟ್ಟರು ಎಂದು ನಾನು ಕೇಳಲಿಲ್ಲ. ಪತ್ರ ನನಗೂ ಬಂದಿತ್ತು. ನನ್ನ ಭುಜದ ವಿಷಯ ಇದ್ದ ಸಾಲನ್ನಷ್ಟೇ ಓದಿ ಮಡಿಸಿಟ್ಟೆ.

ಬೇಸಿಗೆಯಲ್ಲಿ ನನಗೆ ಆಪರೇಷನ್ ಆಯಿತು. ಮನೆಗೆ ಕರೆದೊಯ್ಯಲು ಒಬ್ಬರು ಬರಲೇಬೇಕಿತ್ತು. ಗಂಡನಿಗೆ ಆಸ್ಪತ್ರೆಯ ಡ್ಯೂಟಿ ಬದಲಾಗಲಿಲ್ಲ. ಅಕ್ಕ ತಮ್ಮ ಕಾರಿನಲ್ಲಿ ಬಂದರು. "ಒಬ್ಬಾಕಿ ಮನ್ಯಾಗ ಏನ್ ಮಾಡ್ತಿ, ರಾತ್ರಿತನ ನಮ್ಮಲ್ಲೇ ಇರು," ಎಂದು ನೇರ ಹೆಡಿಂಗ್ಲೀಯ ತಮ್ಮ ಮನೆಗೆ ಕರೆದುಕೊಂಡು ಹೋದರು.

ಬಾಗಿಲು ತೆಗೆದವರು ಭಾವನವರು, ಎರಡು ಕೈಯಲ್ಲೂ ಊರುಗೋಲು. ಯುಗಾದಿಯ ದಿನ ಎಲ್ಲರಿಗೂ ಹೋಳಿಗೆ ಬಡಿಸಿದ್ದ ಮನುಷ್ಯನಿಗೆ, ಕೋಲೂರುತ್ತ ಸೋಫಾದವರೆಗೆ ಬರಲು ನಾನು ಅರ್ಧ ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಿತು.

"ಭಾವಾ, ಕಾಲಿಗೆ ಏನಾಯ್ತು?"

"ಸೊಂಟದ ಕೀಲು ಸವದೈತಿ. ಹಳೆ ಇನ್ಶೂರೆನ್ಸಿನಾಗ ಈ ತಿಂಗಳ ಆಪರೇಷನ್ ಆಗಬೇಕಿತ್ತು. ಈಗ ಮತ್ತ ಸರ್ಕಾರಿ ಸಾಲಿನಾಗ ನಿಂತೇವಿ," ಎಂದು ಅವರು ನಕ್ಕರು. "ಹೊಸಾ ಪಾಲಿಸಿಯೊಳಗ ಮನಿಯವರು ಬರೂದಿಲ್ಲಲ್ಲ."

ಅಕ್ಕ ಅಡುಗೆಮನೆಯಿಂದ, "ಇರ್ಲಿ ಬಿಡ್ರಿ ಅದು, ಆಕಿಗೆ ಇನ್ನೂ ಮಂಪರ ಐತಿ," ಎಂದರು.

ಅನ್ನ ಸಾರು ಕಲಸಿ, ಎಡಗೈಗೆ ಚಮಚ ಕೊಟ್ಟು ಎದುರು ಕೂತರು. ಚಮಚವನ್ನು ತಟ್ಟೆಯಲ್ಲೇ ಇಟ್ಟೆ. "ಅಕ್ಕಾ, ಆ ಪ್ರಶ್ನೆ ಕಳಿಸಿದ್ದು..." ಎಂದೆ.

"ನೀನಂತ ಗೊತ್ತೈತಿ. ಅದರಾಗ 'ಕೈಂಡ್ಲಿ' ಅಂತ ಇತ್ತು. ಆ ಆಫೀಸಿನಾಗ ಕೈಂಡ್ಲಿ ಅಂತ ಬರಿಯೋರು ನಾವಿಬ್ರ, ಉಳದವರೆಲ್ಲ ಪ್ಲೀಸ್ ಅಂತಾರ. ನಾನಂತೂ ಬರದಿಲ್ಲ."

"ಭಾವನವರಿಗೆ ಹೀಗಾಗುತ್ತೆ ಅಂತ ಗೊತ್ತಿದ್ದೂ ನೀವು..."

"ತಪ್ಪೇನು ಕೇಳಿದ್ದಿ? ಹನ್ನೊಂದು ವರ್ಷ ಆ ಪಟ್ಟಿ ಮಾಡಿದಾಕಿ ನಾನು. ಒಮ್ಮೆರೆ ಕೇಳ್ಲಿಲ್ಲ. ಉಣ್ಣು, ಆರತೈತಿ."

ಹೊಟ್ಟೆಕಿಚ್ಚಿನಿಂದ ಕೇಳಿದೆ ಎಂದು ಹೇಳಬೇಕಿತ್ತು. ಹೇಳದೆ ಉಂಡೆ.

ಭಾವನವರಿಗೆ ಒಂದು ವರ್ಷ ಕಳೆದ ಮೇಲೆ ಆಪರೇಷನ್ ಆಯಿತು. ಅಷ್ಟರಲ್ಲಿ ಗೋದಾಮಿನ ಎಷ್ಟೋ ಜನರ ಬೆನ್ನು, ಮೊಣಕಾಲು ಸರಿಹೋಗಿದ್ದವು. ಅವರೆಲ್ಲ ಅಕ್ಕನಿಗೆ ಕ್ರಿಸ್‌ಮಸ್ ಕಾರ್ಡು ಕೊಡುತ್ತಿದ್ದರು. ಆ ಕಾರ್ಡುಗಳ ಮೇಲೂ ನನ್ನ ಕಣ್ಣು ಬೀಳುತ್ತಿತ್ತು. ಅಕ್ಕ ನಿವೃತ್ತರಾದರು. ಅವರ ಹೃದಯ ನಿಂತದ್ದು ಕಳೆದ ಮಾರ್ಚಿನ ಒಂದು ಬೆಳಗ್ಗೆ, ಟಿವಿಡೇಲ್ ಊರಿನ ದೇವಸ್ಥಾನಕ್ಕೆ ಹೊರಡಲೆಂದು ಕಾರಿನಲ್ಲಿ ಕೂತಾಗ. ಸೀಟ್ ಬೆಲ್ಟ್ ಕೂಡ ಹಾಕಿಕೊಂಡಿದ್ದರಂತೆ.

ಹದಿಮೂರನೆಯ ದಿನ ಮನೆಗೆ ಹೋದೆ. ಭಾವನವರು ಕೋಲಿಲ್ಲದೆ ನಡೆದುಬಂದು ಪಕ್ಕದಲ್ಲಿ ಕೂತರು.

"ನಿನಗೊಂದು ಹೇಳ್ಬೇಕಾಗಿತ್ತವಾ," ಎಂದರು. "ಆಕಿ ನಿನ್ನ ಮ್ಯಾಲೆ ಭಾಳ ಹೊಟ್ಟೆಕಿಚ್ಚು ಪಡ್ತಿದ್ಲು."

"ನನ್ನ ಮೇಲಾ?"

"ಹೂಂ. ಆ ಹುಡುಗಿಗೆ ಕೇಳೂ ಧೈರ್ಯ ಇತ್ತು, ನನಗಿರ್ಲಿಲ್ಲ ಅಂತಿದ್ಲು. ಆ ಪ್ರಶ್ನೆ ನಾ ಬರೀಬೇಕಾಗಿತ್ತು ಅಂತ ಎಷ್ಟ್ ಸಲ ಅಂದಾಳೋ."

ಅವರು ನನ್ನ ತಲೆ ಸವರಿದರು. ಅದು ಧೈರ್ಯವಲ್ಲ ಎಂದು ಅವರಿಗೂ ಹೇಳಲಾಗಲಿಲ್ಲ.