ಪಗಾರ ಕೇಳಿದ ಮನೆ

ಜೂನ್ ಬಂತೆಂದರೆ ನಾವು ಉಪನ್ಯಾಸಕರೆಲ್ಲ ಹಳ್ಳಿ ಸುತ್ತುತ್ತಿದ್ದೆವು. ಪಿಯುಸಿ ಪಾಸಾದ ಮಕ್ಕಳಿರುವ ಮನೆ ಹುಡುಕಿ, ಕಟ್ಟೆಯ ಮೇಲೆ ಕುಳಿತು, ಅವರು ಕೊಟ್ಟ ಚಹಾ ಕುಡಿದು, ನಮ್ಮ ಕಾಲೇಜಿಗೇ ಸೇರಿಸಿ ಎಂದು ಗೋಗರೆಯುವುದು. ಹಿಂದೆ ಮಕ್ಕಳೇ ಅರ್ಜಿ ಹಿಡಿದು ಕಾಲೇಜಿನ ಬಾಗಿಲಿಗೆ ಬರುತ್ತಿದ್ದರಂತೆ. ಆ ಕಾಲ ನನಗೆ ಸಿಗಲಿಲ್ಲ.

ಆ ವರ್ಷ ಪ್ರಾಚಾರ್ಯರು ನನ್ನನ್ನು ಒಳಗೆ ಕರೆದರು. ಕುಳಿತುಕೊಳ್ಳಿ ಎಂದೂ ಹೇಳಲಿಲ್ಲ. "ಇತಿಹಾಸಕ್ಕ ಹತ್ತು ಮಂದಿ ಆಗಲಿಲ್ಲಂದ್ರ ವಿಭಾಗ ಮುಚ್ಚತಾರ್ರೀ ಮೇಡಂ" ಎಂದರು. ಆಗ ಸೇರಿದ್ದವರು ಎಂಟು ಮಂದಿ. ವಿಭಾಗ ಅಂದರೆ ನಾನೊಬ್ಬಳೇ, ಅದೂ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಹುಬ್ಬಳ್ಳಿಯ ಬೆಂಗೇರಿ ಬಡಾವಣೆಯ ಬಾಡಿಗೆ ಮನೆಯಲ್ಲಿ ನಾನು ಮತ್ತು ನನ್ನ ತಾಯಿ. ನಲವತ್ತು ದಾಟಿದ ಮೇಲೆ ಇತಿಹಾಸದ ಎಂ.ಎ. ಹಿಡಿದು ಯಾರ ಬಾಗಿಲು ತಟ್ಟಲಿ? ನನಗೆ ದಿಗಿಲು ಹತ್ತಿತು.

ಉಪ್ಪಿನಬೆಟಗೇರಿಗೆ ನನ್ನ ಜೊತೆ ಬಂದವರು ಕಾಮರ್ಸ್ ಕಲಿಸುವ ಸಹೋದ್ಯೋಗಿ. ಅವರೂ ಅತಿಥಿಯೇ. ಅವರಿಗೂ ನನಗೂ ಸಂಬಳ ಒಂದೇ, ಒಂದು ರೂಪಾಯಿ ಆಚೀಚೆ ಇಲ್ಲ. ಆದರೆ ಇಸ್ತ್ರಿ ಅಂಗಿ ತೊಟ್ಟು ಬಿ.ಕಾಂ. ಬಗ್ಗೆ ಮಾತು ತೆಗೆದರೆಂದರೆ ಯಾವುದೋ ಬ್ಯಾಂಕಿನ ಮ್ಯಾನೇಜರ್ ಬಂದಿದ್ದಾರೆ ಅನ್ನಿಸುತ್ತಿತ್ತು.

ನಾವು ಹೋದ ಮನೆಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಯಜಮಾನರು ಹೊಲದಿಂದ ಇನ್ನೂ ಬಂದಿರಲಿಲ್ಲ. ಮಗಳು ಚಹಾ ತಂದಿಟ್ಟು, ನಾನು ಇತಿಹಾಸದವಳೆಂದು ಗೊತ್ತಾದ ಕೂಡಲೇ ಕೇಳಿದಳು, "ಮೇಡಂರಿ, ನಮ್ಮ ಹನಮಪ್ಪನ ಗುಡಿ ಮುಂದ ವೀರಗಲ್ಲು ಅದರಿ. ದನಾ ಉಳಿಸಾಕ ಹೋಗಿ ಸತ್ತಾವನ ಹೆಸರು ಅದರಾಗ ಅದ ಅಂತ. ಬಾಜೂಕ ನಿಂತ ಹೆಣ್ಣಮಗಳ ಹೆಸರು ಯಾಕಿಲ್ರಿ?"

ಹನ್ನೊಂದು ವರ್ಷದಲ್ಲಿ ನನ್ನ ತರಗತಿಯಲ್ಲಿ ಒಬ್ಬರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿಬಿಡೋಣ ಎನ್ನಿಸಿತು. "ನಾ ಇತಿಹಾಸ ತಗೊಂಡ್ರ ನಮ್ಮ ಗೆಳತಿನೂ ತಗೋತಾಳ್ರಿ" ಎಂದಳು. ಎಂಟಕ್ಕೆ ಎರಡು ಸೇರಿದರೆ ಹತ್ತು. ಬಹಳ ದಿನಗಳ ಮೇಲೆ ಚಹಾದ ರುಚಿ ನಾಲಿಗೆಗೆ ಹತ್ತಿತು.

ಅಷ್ಟರಲ್ಲಿ ಯಜಮಾನರು ಬಂದರು. ಕಾಲು ತೊಳೆದು, ಎದುರಿಗೆ ಕುಳಿತು, "ಯಾವದಕ್ಕ ಎಷ್ಟು ಪಗಾರ ಬರತದ, ಮೊದಲ ಅದನ್ನ ಹೇಳ್ರಿ" ಎಂದರು. ಅವರಿಗೇ ಬೇಕಾದಷ್ಟು ಗೊತ್ತಿತ್ತು. ತಮ್ಮನ ಮಗ ವಿದ್ಯಾನಗರದಲ್ಲಿ ಬಿ.ಇ. ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕುಳಿತಿದ್ದು, ನಾದಿನಿಯ ಮಗಳು ನರ್ಸಿಂಗ್ ಓದಿ ತಿಂಗಳಿಗೆ ಮೂವತ್ತು ಸಾವಿರ ತರುವುದು, ಬಿ.ಎಸ್ಸಿ. ಮಾಡಿದ ಪಕ್ಕದ ಮನೆಯ ಹುಡುಗ ಇನ್ನೂ ಪರೀಕ್ಷೆ ಬರೆಯುತ್ತಲೇ ಇರುವುದು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಒಂದೊಂದೇ ಡಿಗ್ರಿಯನ್ನು ನೋಡಿ ಪಕ್ಕಕ್ಕೆ ಸರಿಸಿದರು.

"ಬಿ.ಕಾಂ. ಆತಂದ್ರ ಹುಬ್ಬಳ್ಳ್ಯಾಗ ಆಡಿಟರ್ ಆಫೀಸಿನ್ಯಾಗ ಲಗೂನ ಕೆಲಸ ಸಿಗತದ್ರಿ" ಎಂದರು ಸಹೋದ್ಯೋಗಿ. "ಸುರುವಿಗೇ ಇಪ್ಪತ್ತು ಸಾವಿರ. ಪಿಯುಸಿಯೊಳಗ ಆರ್ಟ್ಸ್ ಓದಿದವರೂ ಬಿ.ಕಾಂ. ಸೇರಬಹುದ್ರಿ."

ಯಜಮಾನರು ನನ್ನ ಕಡೆ ತಿರುಗಿದರು. ಇತಿಹಾಸ ಓದಿದರೆ ಶಿಕ್ಷಕಿ, ಪಿಡಿಒ, ತಹಶೀಲ್ದಾರ್ ಆಗಬಹುದು ಎಂದೆಲ್ಲ ಹೇಳಿದೆ.

"ಅದು ಪರೀಕ್ಷಾ ಪಾಸಾದ್ರರಿ ಅಕ್ಕಾರ. ನೀವು ಅದನ್ನ ಓದೀರಲ್ಲ, ನಿಮಗ ಎಷ್ಟು ಬರತದ?"

ಸಹೋದ್ಯೋಗಿ ಮೆಲ್ಲಗೆ ನನ್ನ ಕಾಲು ತುಳಿದರು. ನಲವತ್ತು ಸಾವಿರ ಎನ್ನಬಹುದಿತ್ತು, ಯಾರು ಬಂದು ನೋಡುತ್ತಿದ್ದರು? ಆದರೆ ಆ ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಮುಂದೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಹದಿನಾಲ್ಕು ಸಾವಿರರಿ. ಬ್ಯಾಸಿಗಿ ಸೂಟಿಯೊಳಗ ಅದೂ ಇಲ್ಲ."

ಅವರು ನಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲ, ನನ್ನ ಬಾಯಿ ಏನು ಕಡಿಮೆಯದಲ್ಲ. ಆದರೆ ಅವರು ನಗಲಿಲ್ಲ. "ನಮ್ಮ ಟ್ರ್ಯಾಕ್ಟರ್ ಹೊಡಿಯಾವನಿಗೆ ಹದಿನೆಂಟು ಸಾವಿರ ಕೊಡತೇವ್ರಿ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಒಳಗಿದ್ದ ಹೆಂಡತಿಯನ್ನು ಕರೆದರು. "ಅಕ್ಕಾರಿಗೆ ನಾಕು ಸೇರು ಕಡ್ಲಿ ಕಟ್ಟಿಕೊಡು."

"ಸರ್‌ಗೆ?" ಎಂದು ಹೆಂಡತಿ ಒಳಗಿನಿಂದಲೇ ಕೇಳಿದರು.

"ಅವರು ಕಾಮರ್ಸಿನವರು. ಅವರಿಗೇನ ಕಡಿಮಿ?"

ಸಹೋದ್ಯೋಗಿ ತಮ್ಮ ಬೂಟು ನೋಡುತ್ತ ಕುಳಿತರು. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೂ ಕೈ ಮುಂದೆ ಮಾಡಿದೆ. ಮಗಳ ಅಂಕಪಟ್ಟಿ ಅಲ್ಲೇ ಬಿ.ಕಾಂ. ಫೈಲಿಗೆ ಸೇರಿತು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದವಳು ಅವಳೇ. ಸಹೋದ್ಯೋಗಿ ಮುಂದೆ ನಡೆದಿದ್ದರು.

"ಐವತ್ತು ಸಾವಿರ ಅಂತ ಹೇಳಬೇಕಿತ್ರಿ ಮೇಡಂ" ಎಂದಳು.

"ಖರೇ ಹೇಳಿದೆನವಾ."

"ಖರೇ ಹೇಳಿದ್ದು ನೀವು. ಮೂರು ವರ್ಷ ಲೆಕ್ಕ ಬರಿಯಾಕಿ ನಾ."

ಬಸ್ಸು ಬಂತು. ಅವಳು ಚೀಲವನ್ನು ನನ್ನ ಸೀಟಿನ ಕೆಳಗೆ ಸರಿಯಾಗಿ ಇಟ್ಟು ಇಳಿದು ಹೋದಳು. ಇತಿಹಾಸಕ್ಕೆ ಮತ್ತೆ ಯಾರೂ ಬರಲಿಲ್ಲ, ಆ ತಿಂಗಳೇ ವಿಭಾಗ ಮುಚ್ಚಿತು. ಕಡಲೆ ಶ್ರಾವಣದವರೆಗೆ ಬಂತು. ಬೇಯಿಸಿದಾಗಲೆಲ್ಲ ನನ್ನ ತಾಯಿ, "ಭಾಳ ಛಲೋ ಮಂದಿ ಅದಾರವಾ, ಆ ಮನಿಗೆ ಮತ್ತ ಯಾವಾಗ ಹೋಗತಿ?" ಎಂದು ಕೇಳುತ್ತಿದ್ದಳು.